ತೋಳಿನ ಮುನೀಮ

ನಲವತ್ತು ವರ್ಷ ಗಂಜಿನಲ್ಲಿ ಅಡತಿ ಅಂಗಡಿ ನಡೆಸಿ, ತೊಗರಿ, ಹತ್ತಿ, ಶೇಂಗಾಗಳ ತೇಜಿ-ಮಂದಿಗಳನ್ನು ಗಾಳಿಯ ವಾಸನೆಯಿಂದಲೇ ಗ್ರಹಿಸಬಲ್ಲವರೆಂಬ ಖ್ಯಾತಿಯನ್ನು ಸಂಪಾದಿಸಿ, ಕಡೆಗೆ ಗಾದಿಯನ್ನು ಹಿರಿಯ ಮಗನಿಗೊಪ್ಪಿಸಿ, ಅದರ ಮಗ್ಗುಲಿನ ಲೋಡಿಗೆ ಒರಗಿ, ವಿಶ್ರಾಂತಿಯ ನೆಪದಲ್ಲಿ ಎಲ್ಲರ ಮೇಲೂ ಕಣ್ಣಿಟ್ಟಿರತಕ್ಕ ಸಾವ್ಕಾರರು ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳಲ್ಲಿಯೂ ಕಾಣಸಿಗುವರು. ಇವರಿಗೆ ಐವತ್ತರ ಸುಮಾರಿಗೆ ಹೊಟ್ಟೆಯೂ, ಐವತ್ತೈದರ ಸುಮಾರಿಗೆ ಮಧುಮೇಹವೂ, ಅರವತ್ತು ದಾಟಿದೊಡನೆ ಬೆಂಗಳೂರಿನಲ್ಲಿರುವ ಕಿರಿಯ ಮಗನ ಉಪದೇಶವೂ ಪ್ರಾಪ್ತವಾಗುವುದು ಕ್ರಮ. ನಾನು ಚಿತ್ರಿಸಹೊರಟವರು ಯಾದಗಿರಿಯವರು. ಹೆಸರೆತ್ತಿದರೆ ಬೇರೆ ಹತ್ತು ಮಂದಿ ತಮ್ಮನ್ನೇ ಕುರಿತು ಬರೆದನೆಂದು ಮುನಿದಾರಾದ್ದರಿಂದ ಬರಿದೆ ಸಾವ್ಕಾರರೆನ್ನುತ್ತೇನೆ.

ಸಾವ್ಕಾರರು ಎರಡು ಕಿರ್ದಿಯ ಮನುಷ್ಯರು. ಅಂಗಡಿಯಲ್ಲಿ ಅಧಿಕಾರಿಗಳು ಬಂದರೆ ತೋರಿಸತಕ್ಕ ಲೆಕ್ಕ ಒಂದು, ತಾವೊಬ್ಬರೇ ನೋಡಿಕೊಳ್ಳತಕ್ಕ ಲೆಕ್ಕ ಇನ್ನೊಂದು ಇದ್ದಂತೆ, ದೇಹದ ವಿಷಯದಲ್ಲಿಯೂ ವೈದ್ಯರಿಗೆ ಹೇಳತಕ್ಕ ಊಟ ಬೇರೆ, ಉಣ್ಣತಕ್ಕ ಊಟ ಬೇರೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಈ ರೋಗವನ್ನು ಗುರುತಿಸಿದ ನಮ್ಮ ಪ್ರಾಚೀನ ವೈದ್ಯರ ಕಾಲದಲ್ಲಿ ಹುಟ್ಟಿದ್ದರೆ ಅವರು ಇರುವೆಗಳಿಗೂ ಲಂಚ ಕೊಟ್ಟು ಸುಮ್ಮನಿರಿಸುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಬೆರಳು ಚುಚ್ಚಿ ನೋಡುವ ಪರೀಕ್ಷೆಯನ್ನು ಅವರು ಲೀಲಾಜಾಲವಾಗಿ ಗೆದ್ದರು. ಪರೀಕ್ಷೆಗೆ ಮೂರು ದಿನವಿರುವಾಗ ಒಂದು ರೊಟ್ಟಿ, ಪುಂಡಿಪಲ್ಯದ ಮೇಲೆ ಯತಿಗಳಂತೆ ಬಾಳಿ, ರಕ್ತ ಕೊಟ್ಟ ಮರುಗಳಿಗೆಯಲ್ಲಿಯೇ ಶೇಂಗಾ ಹೋಳಿಗೆಯ ಡಬ್ಬಿಯನ್ನು ಬಿಚ್ಚುತ್ತಿದ್ದರು. ಮೂರು ತಿಂಗಳ ಸರಾಸರಿಯನ್ನು ಒಮ್ಮೆಗೇ ಹೊರಗೆಡಹುವ ಎಚ್‌ಬಿಎ1ಸಿ ಎಂಬ ಪರೀಕ್ಷೆ ಬಂದಾಗ ಮಾತ್ರ ಮುಖ ಸ್ವಲ್ಪ ಕಂದಿತು. ಆದರೂ ಸರಾಸರಿಯಲ್ಲಿ ಯಾವ ದಿನದ, ಯಾರ ಮನೆಯ ಹೋಳಿಗೆಯೆಂಬುದು ತಿಳಿಯಲಾರದಷ್ಟೆ! ಆ ಮಟ್ಟಿಗೆ ಅವರ ಮಾನ ಉಳಿದಿತ್ತು.

ಹೀಗಿರಲಾಗಿ, ಹೋದ ದೀಪಾವಳಿಗೆ ಬಂದ ಕಿರಿಯ ಮಗ ತಂದೆಯ ಎಡತೋಳಿನ ಹಿಂಬದಿಗೆ ಬೆಳ್ಳಗಿನ ಬಿಲ್ಲೆಯೊಂದನ್ನು ಅಂಟಿಸಿದ. ಅದರ ಕೆಳಗೆ ಕೂದಲೆಳೆಯಂಥ ತಂತು ಅರ್ಧ ಸೆಂಟಿಮೀಟರಿನಷ್ಟು ಚರ್ಮದೊಳಕ್ಕೆ ಇಳಿದಿರುತ್ತದೆ. ಒಂದು ತಾಸು ತಡೆದು ಕೆಲಸಕ್ಕೆ ತೊಡಗಿತೆಂದರೆ, ಹಗಲಿರುಳೆನ್ನದೆ ಹದಿನಾಲ್ಕು ದಿನ ಸಕ್ಕರೆಯ ಅಂಶವನ್ನು ಅಳೆಯುತ್ತಲೇ ಇರುತ್ತದೆ. ಮೊಬೈಲನ್ನು ಹತ್ತಿರ ಹಿಡಿದರೆ ಆ ಕ್ಷಣದ ಅಂಕಿಯನ್ನೂ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಕ್ಕೆ ಒಂದು ಬಾಣದ ಗುರುತನ್ನೂ ತೋರಿಸುತ್ತದೆ. 1999ರಲ್ಲಿ ಅಮೆರಿಕದಲ್ಲಿ ಈ ಬಗೆಯ ಯಂತ್ರಕ್ಕೆ ಮೊದಲು ಅನುಮತಿ ದೊರೆತಾಗ ಅಂಕಿಗಳು ರೋಗಿಯ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಮೂರು ದಿನ ತೊಟ್ಟು ವೈದ್ಯರಿಗೆ ಒಪ್ಪಿಸಿ ಬರಬೇಕಾಗಿತ್ತೆಂದು ಮಗ ವಿವರಿಸಿದಾಗ, ಸಾವ್ಕಾರರು ಅಂಥ ಸತ್ಯಯುಗವೂ ಒಂದಿತ್ತೇ ಎಂಬಂತೆ ನಿಟ್ಟುಸಿರಿಟ್ಟರು.

"ಏನಂತಾರಪಾ ಇದಕ್ಕ?" ಎಂದು ಕೇಳಿದವರು ನಾವೆಲ್ಲ ಅಕ್ಕನವರೆಂದು ಕರೆಯುವ ಅವರ ಧರ್ಮಪತ್ನಿ.

"ಸೆನ್ಸಾರ್, ಅವ್ವ."

"ಅಂದ್ರ ಸಿನಿಮಾದ್ದು?" ಎಂದು ಅಕ್ಕನವರು ಕ್ಷಣ ವಿಚಾರಮಾಡಿ, "ಛಲೋ ಆತು. ಇವರ ಸಿನಿಮಾದಾಗ ಕತ್ತರ್ಸೋದು ಭಾಳ ಅದ" ಎಂದರು.

ಆದರೆ ಮೊದಲ ವಾರ ಕತ್ತರಿಗೆ ಕೆಲಸವೇ ಬೀಳಲಿಲ್ಲ. ಅಂಕಿಯೆಂದರೆ ಧಾರಣೆ, ಬಾಣವೆಂದರೆ ತೇಜಿ-ಮಂದಿ. ನಿವೃತ್ತ ವ್ಯಾಪಾರಿಯ ಕೈಗೆ, ಬಾಗಿಲೇ ಮುಚ್ಚದ ಒಂದು ಮಾರುಕಟ್ಟೆ ಸಿಕ್ಕಂತಾಯಿತು. ಗಂಜಿನ ಹಮಾಲರೂ ದಲ್ಲಾಳಿಗಳೂ ನೋಡುತ್ತಿರುವಂತೆ ಅಂಗಿಯ ತೋಳನ್ನು ಮೇಲೇರಿಸಿ, ಮೊಬೈಲನ್ನು ತೋಳಿಗೆ ತಾಗಿಸಿ, "ನೂರಾ ನಲವತ್ತೆರಡು, ತೇಜಿ ಅದ" ಎಂದು ಘೋಷಿಸುವರು. ಅನ್ನ ಉಂಡ ದಿನ ಬಾಣ ಜಿಗಿಯುವುದನ್ನೂ, ಉಂಡಮೇಲೆ ರೇಲ್ವೆ ಸ್ಟೇಶನ್ನಿನವರೆಗೆ ನಡೆದುಬಂದ ದಿನ ಅದೇ ಅನ್ನಕ್ಕೆ ಬಾಣ ಮೆತ್ತಗಾಗುವುದನ್ನೂ ಅವರು ತಾವಾಗಿ ಕಂಡುಕೊಂಡರು. ಹತ್ತು ವರ್ಷ ವೈದ್ಯರು ಬಾಯಿ ನೋಯುವಂತೆ ಹೇಳಿದ್ದನ್ನು ನಂಬದವರು ಬಾಣ ಹೇಳಿದ ಒಂದೇ ವಾರಕ್ಕೆ ನಂಬಿದರು. ಏಕೆಂದರೆ ವೈದ್ಯರು ಹೇಳಿದ್ದು ಬುದ್ಧಿವಾದ, ಇದು ಧಾರಣೆ. ಬಿಲ್ಲೆ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಣ ದ್ರವವನ್ನು. ರಕ್ತದಲ್ಲಿನ ಏರಿಳಿತ ಅಲ್ಲಿಗೆ ಬಂದು ಮುಟ್ಟಲು ಐದು ಹತ್ತು ನಿಮಿಷ ಹಿಡಿಯುತ್ತದೆಯೆಂದು ತಿಳಿದಾಗಲೂ ಅವರು ಎದೆಗುಂದಲಿಲ್ಲ. "ಮುಂಬೈ ಧಾರಣಿ ತಾರಿನ್ಯಾಗ ಬರ್ತಿದ್ದಂಗ, ಅಷ್ಟ" ಎಂದರು.

ಎರಡನೆಯ ವಾರ ಒಂದು ರಾತ್ರಿ, ಎರಡು ಗಂಟೆಗೆ ಮೂತ್ರಕ್ಕೆದ್ದವರು ರೂಢಿಯಂತೆ ಮೊಬೈಲನ್ನು ತಾಗಿಸಲು 56 ಎಂದು ತೋರಿತು. ಎಪ್ಪತ್ತಕ್ಕಿಂತ ಕೆಳಗಿಳಿಯಬಾರದೆಂಬುದು ಮನೆಮಂದಿಗೆಲ್ಲ ಪಾಠವಾಗಿದ್ದುದರಿಂದ ದೀಪಗಳು ಹೊತ್ತಿದವು, ಸೊಸೆ ಸಕ್ಕರೆ ಕದಡಿದ ನೀರನ್ನು ತಂದಳು, ಸಾವ್ಕಾರರು ಅದನ್ನು ತೀರ್ಥದಂತೆ ಸ್ವೀಕರಿಸಿ, ಇನ್ನಷ್ಟು ಇದೆಯೇ ಎಂದೂ ವಿಚಾರಿಸಿದರು. ಬಿಲ್ಲೆಯಿರುವ ತೋಳನ್ನೇ ಅದುಮಿ ಮಲಗಿದರೆ ಅಂಕಿ ಸುಳ್ಳೇ ಇಳಿಯುವುದುಂಟು, ಮೈ ಬೆವರದೆ ಕೈ ನಡುಗದೆ ಹಾಗೆ ತೋರಿದರೆ ಮೊದಲು ಬೆರಳು ಚುಚ್ಚಿ ನೋಡಿರೆಂದು ವೈದ್ಯರು ಮರುದಿನ ತಿಳಿಯಹೇಳಿದರು. ಆ ರಹಸ್ಯ ತಿಳಿದಂದಿನಿಂದ ಸಾವ್ಕಾರರಿಗೆ ಎಡಮಗ್ಗುಲೇ ಪರಮಪ್ರಿಯವಾಯಿತು. ಮೂರನೆಯ ರಾತ್ರಿಗೆ ಅಕ್ಕನವರು ಸಕ್ಕರೆಯ ಡಬ್ಬಿಯನ್ನು ಒಳಗಿಟ್ಟು ಬೀಗ ಹಾಕಿ, ಚುಚ್ಚುವ ಸೂಜಿಯನ್ನು ತಲೆದಿಂಬಿನ ಪಕ್ಕದಲ್ಲಿ ಇರಿಸಲು, ಆ ವ್ಯಾಧಿ ತಾನಾಗಿ ಶಮನವಾಯಿತು.

ಇಂಥವರನ್ನು ಸುರಪುರದ ಮದುವೆಯೊಂದಕ್ಕೆ ಕರೆದೊಯ್ಯುವ ಭಾಗ್ಯ ನನ್ನದಾಯಿತು. ಶಹಾಪುರದ ಬೆಟ್ಟದ ಸಾಲು ಮಲಗಿದ ಬುದ್ಧನ ಆಕಾರದಲ್ಲಿ ಕಾಣಿಸಿಕೊಂಡಾಗ ಸಾವ್ಕಾರರು ಬಹಳ ಹೊತ್ತು ನೋಡಿ, "ಅಂಗಾತ ಮಲಗ್ಯಾನ್ರಿ. ಜ್ಞಾನಿ" ಎಂದರು. ಮುಂದೆ ಮಾತಿಲ್ಲ. ಸುರಪುರವನ್ನು ಹೊಕ್ಕು ಟೇಲರ್ ಮಂಜಿಲಿನ ವಿಷಯ ಬಂದಾಗ, ಬಾಲಕನಾಗಿದ್ದ ರಾಜನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಕಥೆಯನ್ನು ನಾನು ಹೇಳಿದೆ. ಅವರು ತೋಳನ್ನು ಸವರಿಕೊಂಡು, "ನನ್ನ ಮ್ಯಾಲೂ ಒಬ್ಬ ಸಾಹೇಬನ್ನ ಕೂಡ್ಸ್ಯಾರ" ಎಂದರು. ಆ ಬಾಲಕ, ರಾಜಾ ವೆಂಕಟಪ್ಪನಾಯಕ, ಬೆಳೆದು 1858ರಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದುದನ್ನು ನಾನು ಹೇಳಬಾರದಿತ್ತು. ಅವರ ಕಣ್ಣಿನಲ್ಲಿ ಏನೋ ಮಿಂಚಿತು.

ಪಂಕ್ತಿಯಲ್ಲಿ ಗೋಧಿ ಹುಗ್ಗಿಯ ಕೊಳಗ ಬಂತು, ಹಿಂದೆಯೇ ತುಪ್ಪದ ತಂಬಿಗೆ. ನಾನು ತೋಳಿನತ್ತ ಕಣ್ಣು ಹೊರಳಿಸಿದೆ. ಸಾವ್ಕಾರರು ನನ್ನ ಕಿವಿಯ ಬಳಿ ಬಾಗಿ, ಗಂಜಿನಲ್ಲಿ ಧಾರಣೆಯ ಗುಟ್ಟು ಹೇಳುವ ದನಿಯಲ್ಲಿ, "ಈ ಮುನೀಮಗ ಎಂಟು ತಾಸಿಂದು ಅಷ್ಟ ನೆನಪಿರ್ತದ. ಅಲ್ಲೀತನಕ ಮೊಬೈಲ್ ಹಚ್ಚಲಿಲ್ಲಂದ್ರ ಹಿಂದಿಂದೆಲ್ಲ ತಾನ ಅಳಿಸಿ ಹೋಗ್ತದ" ಎಂದರು. ಬೆಳಗಿನ ಎಂಟಕ್ಕೆ ಮೊಬೈಲ್ ಹಚ್ಚಿ ಹೊರಟವರು, ಈಗ ಹನ್ನೆರಡೂವರೆ, ರಾತ್ರಿ ಹನ್ನೊಂದರವರೆಗೆ ತಡೆದರೆ ಪಂಕ್ತಿಯ ಹೊತ್ತೇ ಚರಿತ್ರೆಯಿಂದ ಮಾಯ. ನಲವತ್ತು ವರ್ಷದ ಅನುಭವ ವ್ಯರ್ಥವಾಗಿರಲಿಲ್ಲ: ಪ್ರಪಂಚದ ಅತ್ಯಂತ ಪ್ರಾಮಾಣಿಕ ಲೆಕ್ಕಿಗನಲ್ಲಿಯೂ ಅವರು ಎರಡನೆಯ ಕಿರ್ದಿಗೆ ಎಡೆ ಕಂಡುಹಿಡಿದಿದ್ದರು.

ಸಂಜೆ ಏಳಕ್ಕೆ ಮನೆ ಸೇರಿದಾಗ ಮೊಬೈಲಿಗೆ ಚಾರ್ಜು ಇರಲಿಲ್ಲ. ಎಂಟಕ್ಕೆ ಸಾವ್ಕಾರರಿಗೆ ತಲೆನೋವು. ಹತ್ತಕ್ಕೆ ಅವರು ಶಿವಧ್ಯಾನದಲ್ಲಿದ್ದರು. ಹನ್ನೊಂದು ಹೊಡೆದ ಮೇಲೆ ತಾವಾಗಿಯೇ ಎದ್ದುಬಂದು, ನಿರ್ಮಲವಾದ ಮುಖಮುದ್ರೆಯಿಂದ ತೋಳನ್ನು ಒಡ್ಡಿದರು. 128. ಬಾಣ ಸಮ. ಮಾತಿಗೆ ಕುಳಿತು ಅಲ್ಲಿಯೇ ಉಳಿದಿದ್ದ ನನ್ನತ್ತ ವಿಜಯದ ನೋಟವೊಂದು ಹಾಯಿತು.

ನಾಲ್ಕನೆಯ ಇಯತ್ತೆಯವರೆಗೆ ಓದಿದ ಅಕ್ಕನವರು ಕನ್ನಡಕವನ್ನು ಏರಿಸಿ, ಅಂಕಿಯನ್ನು ಬಿಟ್ಟು ಅದರ ಕೆಳಗಿನ ಗೆರೆಯನ್ನು ನಿಧಾನವಾಗಿ ನೋಡಿದರು. ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಹಾಳೆ ಹರಿದ ಕಿರ್ದಿಯಂತೆ ಬರಿದು. ಮೂರು ಗಂಟೆಗೆ ಗೆರೆ ಎಲ್ಲಿಂದಲೋ ಮೇಲಿನಿಂದ, 238ರ ಎತ್ತರದಿಂದ, ಗುಡ್ಡ ಇಳಿಯುವ ಬಂಡಿಯಂತೆ ಜಾರುತ್ತಾ ಬಂದು ರಾತ್ರಿಯ ಹೊತ್ತಿಗೆ ಬಯಲು ಸೇರಿತ್ತು. ಅವರು ಬೆರಳನ್ನು ಆ ತುದಿಯ ಮೇಲಿಟ್ಟರು.

"ಇಲ್ಲಿಂದ ಇಳಿಲಾಕತ್ತದಲ್ರೀ. ಇಳಿಬೇಕಂದ್ರ ಮೊದಲ ಏರಿರಬೇಕಲ್ಲ?"

ಸಾವ್ಕಾರರು ಮಾತನಾಡಲಿಲ್ಲ. ಅಕ್ಕನವರು ಗದರಲಿಲ್ಲ, ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟು, ಬೀಗರ ಮನೆಯ ಕ್ಷೇಮಸಮಾಚಾರ ಕೇಳುವ ಧಾಟಿಯಲ್ಲಿ, "ಹುಗ್ಗಿಗೆ ತುಪ್ಪ ಹಾಕಿದ್ರೇನ್ರೀ?" ಎಂದರು.

ಗೋಡೆಯ ಗಡಿಯಾರ ಒಂದಷ್ಟು ಹೊತ್ತು ತಾನೊಂದೇ ಮಾತನಾಡಿತು. ಆಮೇಲೆ ಸಾವ್ಕಾರರು, ಆ ಮನೆಯಲ್ಲಿ ಮೊದಲ ಸಲ, ಕೇಳಿದ್ದಕ್ಕಿಂತ ಹೆಚ್ಚಿನ ಲೆಕ್ಕ ಕೊಟ್ಟರು.

"ಎರಡು ಸರ್ತಿ."