ಪೆನ್‌ಡ್ರೈವ್ ಭಾವ

ಭಾವ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಕೇಳುವುದು ಒಂದೇ: "ಆ ಹಳೇ ಲ್ಯಾಪ್‌ಟಾಪ್ ಇನ್ನೂ ಇದೆಯೇನಪ್ಪ?" ಕ್ಷೇಮಸಮಾಚಾರ ಆಮೇಲೆ. ದಸರಾ ಗೊಂಬೆಗಳ ಡಬ್ಬದ ಪಕ್ಕ ಧೂಳು ತಿನ್ನುತ್ತಿದ್ದರೂ ಸರಿ, ಅದನ್ನು ಅಟ್ಟದಿಂದ ಇಳಿಸಿ, ಕರ್ಚೀಫಿನಲ್ಲಿ ಒರೆಸಿ, ಕಿವಿಗೊಟ್ಟು ಫ್ಯಾನಿನ ಸದ್ದು ಕೇಳಿ "ಜೀವ ಇದೆ" ಎಂದು ಘೋಷಿಸುತ್ತಾರೆ. ಅವರ ಕೀಗೊಂಚಲಿನಲ್ಲಿ ಮನೆಯ ಕೀ ಇಲ್ಲದೆ ಇರಬಹುದು, ಪೆನ್‌ಡ್ರೈವ್ ಇಲ್ಲದೆ ಇರುವುದಿಲ್ಲ. ಪೆನ್‌ಡ್ರೈವಿನಲ್ಲಿ ವೆಂಟಾಯ್ ಎಂಬ ತಂತ್ರಾಂಶ, ವೆಂಟಾಯ್ ಹೊಟ್ಟೆಯಲ್ಲಿ ಡಜನ್‌ಗಟ್ಟಲೆ ಲಿನಕ್ಸ್.

ನಿಮ್ಮ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕೆಲವು ಮನೆಗಳಲ್ಲಿ ಅವರು ಚಿಕ್ಕಪ್ಪ, ಕೆಲವು ಕಡೆ ಮಹಡಿ ಮೇಲಿನ ಬಾಡಿಗೆ ಹುಡುಗ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಪ್ರೊಸೆಸರಿನ ಹೆಸರು ಅವರ ಪಟ್ಟಿಯಲ್ಲಿ ಇರಬೇಕು. ಮಗನ ಇಂಜಿನಿಯರಿಂಗಿಗೆಂದು 2012ರಲ್ಲಿ ಸಾಲ ಮಾಡಿ ಕೊಂಡ ಲ್ಯಾಪ್‌ಟಾಪಿಗೆ ಇವೆಲ್ಲ ಎಲ್ಲಿಂದ ಬರಬೇಕು? ಊರಿಗೆ ಊರೇ ಚಿಂತೆಗೆ ಬಿದ್ದ ಆ ದಿನ ಭಾವನ ಮುಖದಲ್ಲಿ ಯುಗಾದಿ.

ಅವರು ಡಿಸ್ಟ್ರೋ, ಅಂದರೆ ಲಿನಕ್ಸಿನ ಒಂದೊಂದು ರೂಪ, ಆರಿಸುವುದು ಥೇಟ್ ಹೆಣ್ಣು ನೋಡುವ ಶಾಸ್ತ್ರ. ಎಲ್ಲವನ್ನೂ ನೋಡುತ್ತಾರೆ, ಎಲ್ಲದರಲ್ಲೂ ಒಂದು ಐಬು ಹುಡುಕುತ್ತಾರೆ, ಉಪ್ಪಿಟ್ಟು ತಿಂದು ಎದ್ದು ಬರುತ್ತಾರೆ. ಲುಬುಂಟು ಒಳ್ಳೆಯದೇ, ಆದರೆ 19.04ರಿಂದ 32 ಬಿಟ್ ಯಂತ್ರಗಳಿಗೆ ಬಾಗಿಲು ಹಾಕಿತು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಹೊರತಂದ ಪಪ್ಪಿ ಲಿನಕ್ಸ್ ಇಡಿಯಾಗಿ ರ‍್ಯಾಮಿನಲ್ಲೇ ಕೂತು ಓಡುತ್ತದೆ, ಆದರೆ ಅಲ್ಲಿ ಒಳಗೆ ಬಂದವರೆಲ್ಲ ಯಜಮಾನರೇ, "ಮನೆ ಅಂದಮೇಲೆ ಒಂದು ಶಿಸ್ತು ಬೇಡವಾ?" ಟೈನಿ ಕೋರ್ ಸುಮಾರು 23 ಎಂಬಿ. ನಮ್ಮ ಫ್ಯಾಮಿಲಿ ಗ್ರೂಪಿಗೆ ಬರುವ ಶುಭೋದಯದ ವಿಡಿಯೋಗಳು ಕೆಲವು ಇದಕ್ಕಿಂತ ದಪ್ಪ. ಆದರೆ ಅದರಲ್ಲಿ ಬ್ರೌಸರನ್ನೂ ನಾವೇ ತಂದು ಕೂರಿಸಬೇಕು. ಇನ್ನು ಮಿಂಟ್. ಅದರ ಆವೃತ್ತಿಗಳಿಗೆ ಹೆಣ್ಣುಮಕ್ಕಳ ಹೆಸರಿಡುವುದು ರೂಢಿ. ರಾತ್ರಿ ಹನ್ನೊಂದಕ್ಕೆ ಭಾವ ಫೋನಿನಲ್ಲಿ "ವಿಲ್ಮಾ ಸ್ವಲ್ಪ ಭಾರ, ಆದರೆ ಹೊಂದಿಕೊಂಡು ಹೋಗ್ತಾಳೆ" ಎನ್ನುವುದನ್ನು ಕೇಳಿದ ಅಕ್ಕ ತವರಿಗೆ ಬರಲು ಬ್ಯಾಗು ಇಳಿಸಿದ್ದಳಂತೆ.

ಅಂತೂ ಕಳೆದ ಸಲ ಅಪ್ಪನ ಲ್ಯಾಪ್‌ಟಾಪಿಗೆ ಆಂಟಿಎಕ್ಸ್ ಎಂಬ ಡಿಸ್ಟ್ರೋ ಹಾಕಿದರು. ಹಾಕಿದ ಮೇಲೆ ವೈಫೈ ಇಲ್ಲ. ವೈಫೈ ಬರಲು ಡ್ರೈವರ್ ಬೇಕು, ಡ್ರೈವರ್ ಇಳಿಸಲು ವೈಫೈ ಬೇಕು. ಭಾವ ಬೆದರುವ ಪೈಕಿ ಅಲ್ಲ. ನನ್ನ ಮೊಬೈಲಿಗೇ ಕೇಬಲ್ ಚುಚ್ಚಿ ಆ ದಿನದ ಡೇಟಾ ಪೂರ್ತಿ ಕುಡಿಸಿದರು. ಆಮೇಲೆ ಕಪ್ಪು ಪರದೆಯಲ್ಲಿ ಎಚ್‌ಟಾಪ್ ತೆರೆದು ಎಲ್ಲರನ್ನೂ ಕರೆದರು. "ನೋಡಿ ಮಾವ, ಬರೀ 200 ಎಂಬಿ ರ‍್ಯಾಮ್ ತಿಂತಾ ಇದೆ!" ಅಪ್ಪ ತಲೆಯಾಡಿಸಿದರು. ಅಳಿಯ ಏನು ಹೇಳಿದರೂ ತಲೆಯಾಡಿಸುವುದು ಅವರ ಪದ್ಧತಿ.

ಅಷ್ಟರಲ್ಲಿ ಅಮ್ಮ ಯೂಟ್ಯೂಬಿನಲ್ಲಿ ವಿಷ್ಣು ಸಹಸ್ರನಾಮ ಹಾಕಿದರು. 200 ಇದ್ದದ್ದು ಕಣ್ಣೆದುರೇ ಸಾವಿರ ದಾಟಿತು, ಫ್ಯಾನು ಮಿಕ್ಸಿಯ ದನಿಯಲ್ಲಿ ಕೂಗತೊಡಗಿತು. "ಅದು ಬ್ರೌಸರಿನ ತಪ್ಪು ಅತ್ತೆ, ಸಿಸ್ಟಮ್ಮಿಂದಲ್ಲ" ಎಂದರು ಭಾವ. ಮಾತು ನಿಜವೇ. ಹಳೆಯ ಲ್ಯಾಪ್‌ಟಾಪಿನ ಜೀವ ಹಿಂಡುವುದು ಈಗ ಬ್ರೌಸರ್. ಡಿಸ್ಟ್ರೋ ಎಷ್ಟೇ ತೆಳ್ಳಗಿದ್ದರೂ ಇಂದಿನ ವೆಬ್‌ಸೈಟುಗಳು ತೆಳ್ಳಗಾಗುವುದಿಲ್ಲ. ಆದರೆ ಬ್ರೌಸರ್ ಬಿಟ್ಟರೆ ಅಮ್ಮನಿಗೆ ಆ ಯಂತ್ರದಲ್ಲಿ ಬೇರೇನು ಕೆಲಸ?

ಅಪ್ಪನ ಪತ್ರಗಳ ಕಥೆ ಬೇರೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದವೆಲ್ಲ ಟೋಪಿ, ಬಾಲ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳಾಗಿ ಕೂತಿದ್ದವು. ಫಾಂಟ್ ಫೈಲು ಹಾಕಿದರೆ ಮುಗಿಯುತ್ತಿತ್ತು. ಭಾವ ಮಾತ್ರ ಯೂನಿಕೋಡಿನ ಮಹತ್ವ ಕುರಿತು ಊಟದ ಹೊತ್ತಿನವರೆಗೂ ಮಾತಾಡಿದರು.

"ಎಸ್‌.ಪಿ. ರೋಡಿನಲ್ಲಿ ಒಂದು ಎಸ್‌ಎಸ್‌ಡಿ ತಂದು ಹಾಕಿದರೆ ಆಗಲ್ವಾ ಭಾವ? ರ‍್ಯಾಮೂ 4 ಜಿಬಿ ಆಗಲಿ" ಎಂದೆ. ಅವರ ಮುಖ ಸಣ್ಣಗಾಯಿತು. ಗೊತ್ತಿಲ್ಲದ್ದೇನಲ್ಲ. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ತೆಗೆದರೆ ಬರುವ ವೇಗ ಯಾವ ಡಿಸ್ಟ್ರೋ ಬದಲಿಸಿದರೂ ಬಾರದು ಎಂದು ನನಗೆ ಹೇಳಿಕೊಟ್ಟವರೇ ಅವರು. "ದುಡ್ಡು ಕೊಟ್ಟು ವೇಗ ತರೋದರಲ್ಲಿ ಏನಯ್ಯ ಮಜಾ?" ಎಂದು ಗೊಣಗಿ ಪೆನ್‌ಡ್ರೈವ್ ಜೇಬಿಗಿಳಿಸಿದರು.

ನಿಮ್ಮ ಮನೆಯಲ್ಲೂ ಅಂಥದೊಂದು ಯಂತ್ರ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. 4 ಜಿಬಿ ರ‍್ಯಾಮ್ ಇದ್ದರೆ ಮಿಂಟಿನ ಎಕ್ಸ್‌ಎಫ್‌ಸಿಇ, 2 ಜಿಬಿಯಾದರೆ ಲುಬುಂಟು, ಅದಕ್ಕೂ ಕಡಿಮೆಯಾದರೆ ಆಂಟಿಎಕ್ಸ್ ಹಾಕಿಕೊಂಡು ಸುಮ್ಮನಾಗಿ. ಅದಕ್ಕೂ ಮೊದಲು ಫೋಟೋಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಭಾವನಿಗೆ ಫೋನ್ ಮಾಡುವುದೇ ಆದರೆ, ಎಲ್ಲ ಮುಗಿದ ಮೇಲೆ ಮಾಡಿ.