ಧೂಮಮೀಮಾಂಸೆ: ಹಳೇ ಜೀಪಿನ ಎಮಿಷನ್ ಪರೀಕ್ಷೆಗೊಂದು ಶಾಸ್ತ್ರೀಯ ಪ್ರವೇಶಿಕೆ

ಪೀಠಿಕೆ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ 2001ರಲ್ಲಿ ಪುರಾತತ್ತ್ವಜ್ಞರು ನೆಲ ಅಗೆದಾಗ ಬೌದ್ಧ ಚೈತ್ಯ, ವಿಹಾರಗಳ ಅವಶೇಷ ಸಿಕ್ಕಿತು. ಜೊತೆಗೆ ಮಣ್ಣಿನ ಪುಟಾಣಿ ಸ್ತೂಪಗಳು, ಹರಕೆಯ ಮುದ್ರಿಕೆಗಳು. ಇಲ್ಲಿ ಭಿಕ್ಷುಗಳಿದ್ದರೆಂಬುದು ಇದರಿಂದ ಸಿದ್ಧ. ಭಿಕ್ಷುಗಳಿದ್ದಲ್ಲಿ ತರ್ಕವಿರುತ್ತದೆ. ತರ್ಕವಿದ್ದಲ್ಲಿ ಹೊಗೆ ಇದ್ದೇ ಇರುತ್ತದೆ. ಯಾಕೆಂದರೆ ನಮ್ಮ ತರ್ಕಶಾಸ್ತ್ರದ ಮೊದಲ ಪಾಠವೇ ಬೆಟ್ಟದ ಮೇಲಿನ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು. ಈ ಒಂದು ಹೊಗೆಯ ಸುತ್ತ ನೈಯಾಯಿಕರೂ, ದಿಙ್ನಾಗ, ಧರ್ಮಕೀರ್ತಿಯರ ಪರಂಪರೆಯ ಬೌದ್ಧರೂ ಶತಮಾನಗಟ್ಟಲೆ ಜಗಳವಾಡಿದರು. ಆದರೆ ಹೊಗೆ ಎಷ್ಟಿದೆ ಎಂದು ಎರಡು ಕಡೆಯವರೂ ಅಳೆದು ನೋಡಲಿಲ್ಲ. ಆ ಕೊರತೆಯನ್ನು ನಮ್ಮ ಕಾಲದಲ್ಲಿ ಪೆಟ್ರೋಲ್ ಬಂಕಿನ ಮಗ್ಗುಲಿಗೆ ನಿಂತ ಎಮಿಷನ್ ವ್ಯಾನು ನೀಗಿಸಿದೆ. ಆ ವ್ಯಾನಿನ ದರ್ಶನವನ್ನು ಸಂಗ್ರಹಿಸಿ ಹೇಳುವುದೇ ಈ ಪ್ರಬಂಧದ ಉದ್ದೇಶ.

ಪ್ರಮೇಯ ನಿರೂಪಣೆ

ಪ್ರಮೇಯವೆಂದರೆ ಇಲ್ಲಿ ಮಹೀಂದ್ರ ಜೀಪು. ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸುವುದರಿಂದ 1947ರಲ್ಲಿ ಶುರುವಾದ ಈ ವಂಶದಲ್ಲಿ 1980ರ ದಶಕದ ಎಂಎಂ 540 ಎಂಬುದು ಒಂದು ಗೋತ್ರ. ಮೈ ಅಮೆರಿಕದ್ದು, ಎದೆಯೊಳಗಿನ ಪ್ಯೂಜೊ ಡೀಸೆಲ್ ಎಂಜಿನ್ನು ಫ್ರಾನ್ಸಿನದು, ಹೊಗೆ ಮಾತ್ರ ಅಪ್ಪಟ ಸ್ವದೇಶಿ. ಮಾಕಳಿದುರ್ಗದ ಕಡೆಯ ಕಲ್ಲುದಾರಿಯಲ್ಲಿ ಫೋರ್ ವೀಲ್ ಲಿವರ್ ಎಳೆದರೆ ಇದು ಹತ್ತದ ದಿಬ್ಬವಿಲ್ಲ. ಹತ್ತಲಾರದ್ದು ಒಂದೇ, ಎಮಿಷನ್ ವ್ಯಾನಿನ ಮುಂದಿನ ಸಪಾಟು ನೆಲ.

ಖಾಸಗಿ ಗಾಡಿಯ ಆರ್‌ಸಿಗೆ ಆಯುಷ್ಯ 15 ವರ್ಷ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷದ ಪುನರ್ಜನ್ಮ ಪಡೆಯಬೇಕು. ದೆಹಲಿಯಲ್ಲಾದರೆ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡುವಂತಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2015ರಲ್ಲಿ ಆದೇಶ ಕೊಟ್ಟಿತು. ಅಲ್ಲಿ ಮೋಕ್ಷ ಕಡ್ಡಾಯ, ಇಲ್ಲಿ ಐಚ್ಛಿಕ.

ಧೂಮಭೇದ

ಹೊಗೆ ಮೂರು ಬಗೆ. ಕರಿಹೊಗೆ ಎಂದರೆ ಪೂರ್ತಿ ಉರಿಯದ ಡೀಸೆಲ್ಲಿನ ಮಸಿ. ಏರ್ ಫಿಲ್ಟರ್ ಕಟ್ಟಿಕೊಂಡು ಗಾಳಿ ಸಾಲದಾದಾಗ, ನೋಜಲ್ ಕೆಟ್ಟು ಡೀಸೆಲ್ಲು ಮಂಜಿನಂತೆ ಚಿಮ್ಮದೆ ಹನಿಯಾಗಿ ಸುರಿದಾಗ, ಪಂಪು ಮಿತಿಮೀರಿ ಡೀಸೆಲ್ ಉಣಿಸಿದಾಗ ಇದು ಹುಟ್ಟುತ್ತದೆ. ನೀಲಿಹೊಗೆ ಎಂದರೆ ಪಿಸ್ಟನ್ ರಿಂಗ್ ಸವೆದು ಎಂಜಿನ್ ಆಯಿಲ್ಲೇ ಉರಿಯುತ್ತಿದೆ ಎಂದರ್ಥ. ಬಿಳಿಹೊಗೆ ಚಳಿಗಾಲದ ಬೆಳಗಿನದಾದರೆ ಕ್ಷಮ್ಯ. ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು. ಈ ಮೂರನ್ನೂ ಏಕಕಾಲದಲ್ಲಿ ಬಿಡಬಲ್ಲ ಜೀಪನ್ನು ತ್ರಿಗುಣಾತ್ಮಕ ಎನ್ನಬೇಕು.

ಪರೀಕ್ಷಾವಿಧಿ

ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಇದರ 115ನೇ ನಿಯಮವೇ ಇಲ್ಲಿ ಮೂಲಸೂತ್ರ. ಕಾದ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ಒಮ್ಮೆಗೇ ತಳಮುಟ್ಟ ಒತ್ತಿ ಬಿಡಬೇಕು. ಸೈಲೆನ್ಸರಿನ ಬಾಯಿಗೆ ಸಿಕ್ಕಿಸಿದ ಕೊಳವೆಯಿಂದ ಹೊಗೆ ಮೀಟರಿಗೆ ಹೋಗುತ್ತದೆ. ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆ ಎಷ್ಟು ಉಳಿಯಿತೆಂದು ನೋಡುವುದು ಅದರ ಕೆಲಸ. 43 ಸೆಂಟಿಮೀಟರ್ ಹೊಗೆಯನ್ನು ಹಾಯುವಷ್ಟರಲ್ಲಿ ಕಳೆದುಹೋದ ಬೆಳಕಿನ ಶೇಕಡಾವಾರು ಪ್ರಮಾಣಕ್ಕೆ ಹಾರ್ಟ್ರಿಜ್ ಮಾನವೆಂದು ಹೆಸರು. ಹಳೇ ಡೀಸೆಲ್ ಗಾಡಿಗೆ 65ರ ತನಕ ರಿಯಾಯಿತಿ. ಭಾರತ್ ಸ್ಟೇಜ್ 4ರ ಗಾಡಿಗೆ 50.

ಅಂದರೆ ನೂರು ಪಾಲು ಬೆಳಕಿನಲ್ಲಿ 65 ಪಾಲು ನುಂಗುವ ಹಕ್ಕನ್ನು ಕಾನೂನೇ ಜೀಪಿಗೆ ದಯಪಾಲಿಸಿದೆ. 35 ಉಳಿದರೆ ಪಾಸು. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮೂರ ಹುಡುಗರಿಗೂ ಇದೇ ಲೆಕ್ಕವಿತ್ತು. ಅಲ್ಲಿಯ ಹಾಗೆ ಇಲ್ಲೂ 34ರ ಬಳಿ ಬಂದು ನಿಂತವರೇ ಹೆಚ್ಚು.

ಪೂರ್ವಪಕ್ಷ

ಪಾಸಾಗುವ ಬಗ್ಗೆ ಪಂಡಿತರಲ್ಲಿ ಮತಭೇದವಿದೆ. ಅರ್ಧಪಾದವಾದಿಗಳು ಆಕ್ಸಿಲರೇಟರನ್ನು ಅರ್ಧವೇ ಒತ್ತಬೇಕೆನ್ನುತ್ತಾರೆ. ಇದನ್ನು ವ್ಯಾನಿನ ಹುಡುಗ "ಅಣ್ಣ, ಫುಲ್ ಒತ್ತಿ" ಎಂಬ ಮೂರೇ ಪದದಲ್ಲಿ ಖಂಡಿಸುತ್ತಾನೆ. ಹೆದ್ದಾರಿವಾದಿಗಳ ಪ್ರಕಾರ ಹಿಂದೂಪುರದ ರಸ್ತೆಯಲ್ಲಿ ಜೀಪನ್ನು ಚೆನ್ನಾಗಿ ಓಡಿಸಿ, ಸೈಲೆನ್ಸರಿನ ಮಸಿ ಉದುರಿಸಿ, ಬಿಸಿಬಿಸಿ ತಂದು ನಿಲ್ಲಿಸಬೇಕು. ಇದರಲ್ಲಿ ಸತ್ಯಾಂಶವಿದೆ; ಆದರೆ ಆ ಮಸಿ ದಾರಿಯ ತೋಟಗಳ ದ್ರಾಕ್ಷಿಯ ಮೇಲೆ ಕೂತಿತೆಂಬ ಆಕ್ಷೇಪಕ್ಕೆ ಈ ಪಕ್ಷ ಉತ್ತರ ಕೊಟ್ಟಿಲ್ಲ. ಪರಕಾಯಪ್ರವೇಶವಾದಿಗಳು ಕೊಳವೆಯನ್ನು ಪಕ್ಕದ ಹೊಸ ಕಾರಿಗೆ ಸಿಕ್ಕಿಸಿ ನಂಬರನ್ನು ಮಾತ್ರ ಜೀಪಿನದು ಕೊಡಬೇಕೆನ್ನುತ್ತಾರೆ. ಇದು ಶಾಸ್ತ್ರವಲ್ಲ, ಅಪರಾಧ.

ಉಳಿದದ್ದು ಸ್ಕ್ರೂವಾದ. ಇದರ ಆಚಾರ್ಯರು ಮೆಕ್ಯಾನಿಕ್ಕುಗಳು. ಸಂವಾದ ಹೀಗೆ:

"ಪಂಪಿನ ಸ್ಕ್ರೂ ಒಂದ್ ಚೂರು ತಿರುಗಿಸ್ತೀನಿ ಅಣ್ಣ, ಡೀಸೆಲ್ ಕಮ್ಮಿ ಹೋಯ್ತದೆ, ಹೊಗೆ ನಿಂತೋಯ್ತದೆ."

"ಪುಲ್ಲಿಂಗು?"

"ಅದೂ ನಿಂತೋಯ್ತದೆ. ಎಮಿಷನ್ ಮಾಡಿಸ್ಕಂಡ್ ಬನ್ನಿ, ವಾಪಸ್ ತಿರುಗಿಸ್ಕೊಡ್ತೀನಿ."

ಸಿದ್ಧಾಂತ

ಎಲ್ಲ ವಸ್ತುವೂ ಒಂದು ಕ್ಷಣ ಮಾತ್ರ ಇದ್ದು ಮರುಕ್ಷಣ ಬೇರೆಯಾಗುತ್ತದೆ ಎಂಬ ಬೌದ್ಧರ ಕ್ಷಣಿಕವಾದವನ್ನು ಸ್ಕ್ರೂವಾದಿಗಳಷ್ಟು ನಿಷ್ಠೆಯಿಂದ ಪಾಲಿಸಿದವರು ರಾಜಘಟ್ಟದ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಜೀಪಿನ ಶುದ್ಧಿ ಮೀಟರಿನ ಮುಂದಿನ ಆ ಒಂದು ಕ್ಷಣದ್ದು. ಚೀಟಿ ಮಾತ್ರ ಆರು ತಿಂಗಳದು. ಕ್ಷಣಿಕವಾದ ವಸ್ತುವಿನಿಂದ ಆರು ತಿಂಗಳ ಫಲ ಹೇಗೆ ಹುಟ್ಟಿತೆಂಬುದನ್ನು ಧರ್ಮಕೀರ್ತಿಯೂ ಬಗೆಹರಿಸಿಲ್ಲ.

ಆದರೆ ಹರಕೆಯ ಮುದ್ರಿಕೆಗಳ ಮೇಲೆ ಬೌದ್ಧರು ಸಾಮಾನ್ಯವಾಗಿ ಒತ್ತುತ್ತಿದ್ದ ಮಾತಿನ ಸಾರ ಬೇರೆ: ಎಲ್ಲವೂ ಕಾರಣದಿಂದ ಹುಟ್ಟುತ್ತದೆ, ಆ ಕಾರಣವನ್ನೂ ಅದು ಇಲ್ಲವಾಗುವ ಬಗೆಯನ್ನೂ ಬುದ್ಧ ತಿಳಿಸಿದ. ಜೀಪಿಗೆ ಅನ್ವಯಿಸಿದರೆ, ಏರ್ ಫಿಲ್ಟರಿನ ತಳದ ಬಟ್ಟಲಲ್ಲಿ ಕೆಸರಾಗಿ ಕೂತ ಆಯಿಲ್ಲು ಚೆಲ್ಲಿ ಹೊಸದು ಹಾಕಬೇಕು. ನೋಜಲುಗಳನ್ನು ಬಿಚ್ಚಿಸಿ ಪ್ರೆಷರ್ ಸೆಟ್ ಮಾಡಿಸಬೇಕು. ಪಂಪನ್ನು ಕಂಪನಿ ಹೇಳಿದ ಅಳತೆಗೆ ತರಿಸಬೇಕು. ಆಗ ಹೊಗೆಯೂ ತಗ್ಗುತ್ತದೆ, ಪುಲ್ಲಿಂಗೂ ಉಳಿಯುತ್ತದೆ. ಇಷ್ಟು ಸರಳವಾದ್ದರಿಂದಲೇ ಈ ಮತಕ್ಕೆ ಅನುಯಾಯಿಗಳು ಕಡಿಮೆ.

ಇನ್ನು ಪ್ರಮಾಣವಿಚಾರ. ಜೀಪಿನ ಹೊಗೆ ಜೀಪಿನ ಯಜಮಾನನಿಗೆ ಎಂದೂ ಪ್ರತ್ಯಕ್ಷವಲ್ಲ. ಅವನು ಸದಾ ಅದರ ಮುಂದಿರುತ್ತಾನೆ. ಅವನಿಗೆ ಹೊಗೆ ಗೊತ್ತಾಗುವುದು ಮೀಟರಿನ ಅನುಮಾನದಿಂದ ಅಥವಾ ಪೊಲೀಸಿನವರ ಶಬ್ದಪ್ರಮಾಣದಿಂದ. ಪ್ರತ್ಯಕ್ಷವೇನಿದ್ದರೂ ಹಿಂದೆ ಬರುವ ಟಿವಿಎಸ್‌ನವನಿಗೆ, ಅವನ ಬೆನ್ನಿಗೆ ಆತುಕೊಂಡ ಶಾಲೆಯ ಮಗುವಿಗೆ. ಅವರ ಎದೆಯೊಳಗೆ ಹಾರ್ಟ್ರಿಜ್ ಮಾನವೂ ಇಲ್ಲ, 65ರ ರಿಯಾಯಿತಿಯೂ ಇಲ್ಲ.

ಫಲಶ್ರುತಿ

ಈ ಪ್ರಬಂಧವನ್ನು ಓದಿ ನೋಜಲ್ ಮಾಡಿಸುವವರು 2019ರ ತಿದ್ದುಪಡಿಯ ಹತ್ತು ಸಾವಿರ ರೂಪಾಯಿವರೆಗಿನ ದಂಡದಿಂದ ಪಾರಾಗುತ್ತಾರೆ. ಓದಿಯೂ ಸ್ಕ್ರೂ ತಿರುಗಿಸುವವರು ಆರು ತಿಂಗಳಿಗೊಮ್ಮೆ ತಪ್ಪದೆ ಹುಟ್ಟಿ ಬಂದು ಅದೇ ಮೆಕ್ಯಾನಿಕ್ಕಿನ ಅಂಗಡಿ ಸೇರುತ್ತಾರೆ. ಮೆಕ್ಯಾನಿಕ್ಕಿಗೆ ಎರಡೂ ಸಮ್ಮತ. ಆದರೆ ಆಮೇಲಿನವರ ಮೇಲೆ ಅವನಿಗೆ ಪ್ರೀತಿ ಜಾಸ್ತಿ.