ಹತ್ತು ಮಿಲಿಮೀಟರಿನ ಅಸಮಾಧಾನ

ಸಮದರ್ಶಿತ್ವವು ಸತ್ಪುರುಷರ ಲಕ್ಷಣವೆಂದು ಹಿರಿಯರು ಹೇಳುವುದುಂಟಾದರೂ, ಅದು ಬೈಸಿಕಲ್ಲಿನ ವಿಷಯದಲ್ಲಿ ತಲೆದೋರಿದರೆ ಒಂದು ಸಂಸಾರದ ನೆಮ್ಮದಿಗೆ ಎಷ್ಟರಮಟ್ಟಿಗೆ ಭಂಗ ತರಬಲ್ಲದೆಂಬುದನ್ನು, ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗುವವರೆಗೆ ನಾನು ಅರಿತಿರಲಿಲ್ಲ. ನಮ್ಮ ಅಳಿಯಂದಿರು ಉಳಿದೆಲ್ಲ ವಿಷಯಗಳಲ್ಲಿಯೂ ಸಜ್ಜನರು. ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುವವರು. ಮಾವನ ಮಾತಿಗೆ ಎದುರಾಡದವರು. ಆದರೆ ಅವರ ಗ್ಯಾರೇಜಿನಲ್ಲಿ, ಕಾರನ್ನು ಮಳೆಬಿಸಿಲಿಗೆ ಹೊರಗಟ್ಟಿ ತಾನು ಒಳಗೆ ಪ್ರತಿಷ್ಠಿತವಾಗಿರುವ ಮೌಂಟನ್ ಬೈಕೊಂದುಂಟು. ಅದರ ಹಿಂದಿನ ಗಾಲಿ ಕಲ್ಲುಗುಂಡುಗಳ ಮೇಲೆ 140 ಮಿಲಿಮೀಟರಿನಷ್ಟು ಮೇಲೆದ್ದು ಇಳಿಯಬಲ್ಲದು; ಮುಂದಿನ ಫೋರ್ಕು 150 ಮಿಲಿಮೀಟರು ಕುಗ್ಗಬಲ್ಲದು. ಈ ಚಲನೆಗೆ ಆ ಬಳಗದವರು ಟ್ರಾವೆಲ್ ಎನ್ನುತ್ತಾರೆ. ಎರಡರ ನಡುವೆ ಉಳಿದ ಹತ್ತು ಮಿಲಿಮೀಟರು ಅಳಿಯಂದಿರ ನಿದ್ರೆಯನ್ನು ಅಪಹರಿಸಿತ್ತು.

“ಹಿಂದೊಂದು ಮುಂದೊಂದು ಇರಬಾರದು ಮಾವ,” ಎಂದು ಅವರು ಹೇಳಿದಾಗ, ಯಾರೋ ಮಿತ್ರರ ನಡತೆಯನ್ನು ಕುರಿತು ನೊಂದು ನುಡಿಯುತ್ತಿರುವರೆಂದು ಭಾವಿಸಿ, ಲೋಕವೇ ಹಾಗೆಂದು ಸಮಾಧಾನ ಹೇಳಿದೆ.

ಈ ವ್ಯಸನವು ಹುಟ್ಟಿದ ಊರೂ ಅಲ್ಲಿಂದ ಬಹಳ ದೂರವಿಲ್ಲ. ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಬಳಿಯ ಗುಡ್ಡವೊಂದರಿಂದ 1976ರ ಅಕ್ಟೋಬರ್ 21ರಂದು ಕೆಲವರು ಉಡಾಳ ತರುಣರು, ಗುಜರಿಗೆ ಹೋಗಬೇಕಾಗಿದ್ದ ಹಳೆಯ ದಪ್ಪಟೈರಿನ ಸೈಕಲ್ಲುಗಳನ್ನೇರಿ, ಗಡಿಯಾರ ಹಿಡಿದು ಕೆಳಗಿಳಿಯುವ ಪಂದ್ಯವನ್ನು ಹೂಡಿದರು. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕುಗಳು ಇಳಿಜಾರಿನಲ್ಲಿ ಎಷ್ಟು ಕಾಯುತ್ತಿದ್ದುವೆಂದರೆ, ಗಾಲಿಯ ಹಬ್ಬಿನೊಳಗಣ ಗ್ರೀಸು ಹೊಗೆಯಾಗಿ ಹಾರಿಹೋಗಿ, ಪಂದ್ಯ ಮುಗಿದ ಬಳಿಕ ಹೊಸದಾಗಿ ತುಂಬಬೇಕಾಗುತ್ತಿತ್ತು. ಹಳೆಯ ದಪ್ಪಟೈರಿನ ಸೈಕಲ್ಲಿನ ಮೇಲೆಯೇ ಗ್ಯಾರಿ ಫಿಷರ್ ಎಂಬಾತನು ಆ ಗುಡ್ಡವನ್ನು 4 ನಿಮಿಷ 22 ಸೆಕೆಂಡುಗಳಲ್ಲಿ ಇಳಿದು ದಾಖಲೆ ಸ್ಥಾಪಿಸಿದನು. ಆತನ ಸೈಕಲ್ಲಿನ ಟ್ರಾವೆಲ್ ಮುಂದೆಯೂ ಸೊನ್ನೆ, ಹಿಂದೆಯೂ ಸೊನ್ನೆ. ಇದಕ್ಕಿಂತ ಪರಿಪೂರ್ಣವಾದ ಸಮತೆಯನ್ನು ಮನುಷ್ಯಮಾತ್ರರು ಸಾಧಿಸುವಂತಿಲ್ಲ. 1989ರಲ್ಲಿ ಪಾಲ್ ಟರ್ನರನ ರಾಕ್‌ಶಾಕ್ಸ್ ಸಂಸ್ಥೆಯು ಸುಮಾರು 48 ಮಿಲಿಮೀಟರು ಕುಗ್ಗುವ ಫೋರ್ಕನ್ನು ಮಾರುಕಟ್ಟೆಗೆ ತಂದಿತು. ಬಳಿಕ ಹಿಂದಿನ ಗಾಲಿಗೂ ಶಾಕ್ ಬೇಕೆನಿಸಿತು. ಎರಡು ಸಂಖ್ಯೆಗಳು ಹುಟ್ಟಿದ ಮೇಲೆ ಅವುಗಳನ್ನು ಹೋಲಿಸಿ ಹಲುಬುವವರು ಹುಟ್ಟದಿರುವರೆ?

ಹೋಲಿಕೆಗಿಂತ ಮುಖ್ಯವಾದುದು ಸ್ಯಾಗ್ ಎಂದು ಅಳಿಯಂದಿರೇ ಒಮ್ಮೆ ನನಗೆ ಬೋಧಿಸಿದರು. ಸವಾರನು ಏರಿ ಕುಳಿತೊಡನೆ, ಇನ್ನೂ ಯಾವ ಕಲ್ಲೂ ಎದುರಾಗುವ ಮೊದಲೇ, ಅವನ ಭಾರಕ್ಕೆ ಸೈಕಲ್ಲು ತುಸು ತಗ್ಗಬೇಕು: ಮುಂದೆ ಸುಮಾರು ಐದರಲ್ಲೊಂದು ಪಾಲು, ಹಿಂದೆ ಹೆಚ್ಚುಕಡಿಮೆ ಹತ್ತರಲ್ಲಿ ಮೂರು ಪಾಲು. ಇದನ್ನು ಅಳೆಯಲು ಇನ್ನೊಬ್ಬರ ನೆರವು ಬೇಕು. ಆ ಇನ್ನೊಬ್ಬರು ನಾನೇ ಆದೆನೆಂದು ಬೇರೆ ಹೇಳಬೇಕಾಗಿಲ್ಲ. ಹೆಲ್ಮೆಟ್ಟು, ಮೊಣಕಾಲಿನ ಕವಚ, ಬೆನ್ನಮೇಲೆ ನೀರು ತುಂಬಿದ ಚೀಲ, ಇವಿಷ್ಟನ್ನೂ ಧರಿಸಿ ಯುದ್ಧಸನ್ನದ್ಧರಾದ ಅಳಿಯಂದಿರು ಗ್ಯಾರೇಜಿನ ಗೋಡೆಗೆ ಮೊಣಕೈಯೂರಿ, ನಿಂತ ಸೈಕಲ್ಲಿನ ಮೇಲೆ ಉಸಿರು ಬಿಗಿಹಿಡಿದು ಕುಳಿತರು. ನಾನು ಮಂಡಿಯೂರಿ, ಫೋರ್ಕಿನ ಹೊಳೆಯುವ ಕೊಳವೆಗೆ ತೊಡಿಸಿದ ರಬ್ಬರಿನ ಉಂಗುರವನ್ನು ಬೆರಳ ತುದಿಯಿಂದ ಕೆಳಕ್ಕೆ, ಸೀಲಿನ ಅಂಚಿಗೆ ತಾಗುವಂತೆ ಸರಿಸಿದೆ. ಶಾಕಿನ ದಂಡದ ಮೇಲಿನ ಉಂಗುರವನ್ನೂ ಹಾಗೆಯೇ. ಅಳಿಯಂದಿರು ನಿದ್ರಿಸುವ ಶಿಶುವಿನ ಪಕ್ಕದಿಂದ ಏಳುವವರಂತೆ ಇಳಿದರು. ಮುಂದಿನ ಉಂಗುರವು 30 ಮಿಲಿಮೀಟರು ಮೇಲಿತ್ತು. ಹಿಂದಿನದು, ಶಾಕಿನ ದಂಡವು ಒಟ್ಟು ಸರಿಯಬಲ್ಲ 55ರಲ್ಲಿ 14. ಹದಿನಾರೂವರೆ ಆಗಬೇಕೆಂದು ಕೈಪಂಪನ್ನು ಸಿಕ್ಕಿಸಿ ಗಾಳಿಯನ್ನು ‘ಪುಸ್’ ಎಂದು ಬಿಟ್ಟರು. ಮತ್ತೆ ಏರಿದರು, ಮತ್ತೆ ಇಳಿದರು. ಅಷ್ಟರಲ್ಲಿ ಬಾಗಿಲಿಗೆ ಬಂದ ನನ್ನ ಪತ್ನಿಯು, ಶಿರಸ್ತ್ರಾಣಧಾರಿಯಾದ ಅಳಿಯನ ಪಾದಮೂಲದಲ್ಲಿ ಮಾವನು ಮಂಡಿಯೂರಿರುವ ಅಪೂರ್ವ ದೃಶ್ಯವನ್ನು ಕಂಡು, ಏನನ್ನೂ ಕೇಳದೆ ಕಾಫಿಯನ್ನು ಅಲ್ಲಿಯೇ ಇಟ್ಟು ಹಿಂದಿರುಗಿದಳು.

ನನಗೇನೋ ಇದರ ಮರ್ಮ ಹೊಳೆಯಿತು. ದೇವರ ಪಲ್ಲಕ್ಕಿಯನ್ನು ಹೊರುವಲ್ಲಿ ಹಿಂದಿನವನೂ ಮುಂದಿನವನೂ ಒಂದೇ ಎತ್ತರದವರಾಗಿರಬೇಕೆಂಬುದು ಮುಖ್ಯವಲ್ಲ. ದೇವರು ವಾಲದಿರುವುದು ಮುಖ್ಯ. ಹಿಂದೆ ಶಾಕಿಲ್ಲದ ಹಾರ್ಡ್‌ಟೇಲಿನಲ್ಲಿ ಮುಂಭಾಗ ಮಾತ್ರ ತಗ್ಗಿ ಸವಾರನು ಮುಂದಕ್ಕೆ ಬಾಗುತ್ತಾನೆ. ಎರಡೂ ಕಡೆ ತಗ್ಗಿದರೆ ಚೌಕಟ್ಟಿನ ಕೋನಗಳು ಹೆಚ್ಚಾಗಿ ಕೆಡುವುದಿಲ್ಲ. ಕಲ್ಲನ್ನು ಮೊದಲು ಎದುರಿಸುವುದು ಮುಂದಿನ ಗಾಲಿ. ಅದರ ಏಟು ಬೀಳುವುದು ತೋಳಿಗೆ. ಹಿಂದಿನ ಏಟನ್ನು ತಾಳುವುದಕ್ಕೆ ತೋಳಿಗಿಂತ ಬಲಿಷ್ಠವಾದ ಕಾಲುಗಳಿವೆ. ಆದುದರಿಂದ ಮುಂದೆ ಹತ್ತು ಮಿಲಿಮೀಟರು ಹೆಚ್ಚಿಟ್ಟವನು ಅವಿವೇಕಿಯಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನಿಗೆ ಪೆನ್ಸಿಲ್ಲು ಸಿಕ್ಕಿದರೆ ಸುಮ್ಮನಿರುವುದು ಸಾಧ್ಯವೆ? ಫೋರ್ಕು ನೆಟ್ಟಗೆ ನಿಂತಿಲ್ಲ, ನೆಲಕ್ಕೆ 65 ಡಿಗ್ರಿ ಓರೆಯಾಗಿದೆ. ಅದು ಓರೆಯಲ್ಲಿ 150 ಕುಗ್ಗಿದರೂ ಗಾಲಿಯು ಮೇಲೇರುವುದು 150ನ್ನು 65 ಡಿಗ್ರಿಯ ಸೈನಿನಿಂದ ಗುಣಿಸಿದಷ್ಟು ಮಾತ್ರ, ಎಂದರೆ ಸುಮಾರು 136. ಹೀಗಾಗಿ ಹಿಂದುಮುಂದುಗಳು ಬಹುಮಟ್ಟಿಗೆ ಸಮವೇ ಎಂದು ಹಾಲಿನ ಬಿಲ್ಲಿನ ಹಿಂಬದಿಯಲ್ಲಿ ತೋರಿಸಿಕೊಟ್ಟೆ.

ಅಳಿಯಂದಿರ ಮುಖವು ಅರಳಿತು, ಮರುಕ್ಷಣವೇ ಬಾಡಿತು. “ಹಾಗಾದ್ರೆ ಮುಂದೆ ನಾಲ್ಕು ಮಿಲಿಮೀಟರ್ ಕಡಿಮೆ ಆಯ್ತಲ್ಲ ಮಾವ!”

ಅಲ್ಲಿಂದ ಮುಂದೆ 160 ಮಿಲಿಮೀಟರಿನ ಪ್ರಸ್ತಾಪವು ಬಂದಿತು. ಫೋರ್ಕನ್ನು ಬದಲಿಸಬೇಕಾಗಿಲ್ಲ, ಒಳಗಿನ ಏರ್ ಶಾಫ್ಟನ್ನು ಬದಲಿಸಿದರೆ ಸಾಕಂತೆ. ಆದರೆ ಫೋರ್ಕು ಹತ್ತು ಮಿಲಿಮೀಟರು ಉದ್ದವಾದರೆ ಮುಂಭಾಗವು ಮೇಲೆದ್ದು ನೆಲದೊಡನೆ ಅದರ ಕೋನವು ಸುಮಾರು ಅರ್ಧ ಡಿಗ್ರಿ ತಗ್ಗುತ್ತದೆ, ಪೆಡಲುಗಳೂ ತುಸು ಮೇಲೇಳುತ್ತವೆ. ಕೋನ ತಗ್ಗಿದರೆ ಸೈನು ಬದಲಾಗುತ್ತದೆ. ಆಗ ಮುಂದೆ 144, ಹಿಂದೆ 140. “ಇನ್ನು ಆ ಬಿಲ್ಲಿನ ಮೇಲೆ ಒಂದಂಕಿ ಬರೆದರೆ ನೋಡಿ ಅಪ್ಪ,” ಎಂದು ಮಗಳು ಅಡುಗೆಮನೆಯಿಂದಲೇ ಗದರಿದಳು.

ವಿಷಯಾಂತರ ಮಾಡುವ ಸದುದ್ದೇಶದಿಂದ ನಾನು ಬ್ರೇಕಿನ ತಟ್ಟೆಗಳ ಕಡೆಗೆ ಬೆರಳು ಮಾಡಿ, ಮುಂದಿನದು 200 ಮಿಲಿಮೀಟರು, ಹಿಂದಿನದು 180 ಎಂದು ಬರೆದಿದೆಯಲ್ಲ, ಇಪ್ಪತ್ತು ಮಿಲಿಮೀಟರಿನ ಈ ತಾರತಮ್ಯವನ್ನು ಹೇಗೆ ಸಹಿಸಿದ್ದೀರಿ ಎಂದು ಕೇಳಿದೆ.

ಅಳಿಯಂದಿರು ಕನಿಕರದಿಂದ ನಕ್ಕರು. “ಅದು ಹಾಗೇ ಇರಬೇಕು ಮಾವ. ಬ್ರೇಕ್ ಹಿಡಿದಾಗ ಭಾರ ಎಲ್ಲ ಮುಂದಕ್ಕೆ ಬರುತ್ತೆ, ಮುಂದಿನದಕ್ಕೆ ಕೆಲಸ ಜಾಸ್ತಿ. ಎರಡೂ ಒಂದೇ ಇರಬೇಕು ಅನ್ನೋದು ಸೈಕಲ್ ಗೊತ್ತಿಲ್ಲದವರು ಆಡೋ ಮಾತು,” ಎಂದು ಹೇಳಿ, 160ರ ಶಾಫ್ಟಿಗೆ ಆರ್ಡರು ಕೊಡಲು ಒಳಗೆ ನಡೆದರು.